ಎಂದಿನ ಸದ್ದು

ಟೈಲರಕ್ಕನ ಕಣ್ಣು ಬಟ್ಟೆಯ ಮೇಲಿದ್ದರೆ ಕಿವಿ ತಮ್ಮನ ಮೇಲಿರುತ್ತಿತ್ತು. ಇದು ಇಂದು ನಿನ್ನೆಯ ಅಭ್ಯಾಸವಲ್ಲ. ತಮ್ಮನಿಗೆ ಚಿಕ್ಕಂದಿನಿಂದಲೂ ಫಿಟ್ಸ್. ಅಮ್ಮ ತೀರಿಕೊಂಡ ಮೇಲೆ ಅವನನ್ನು ನೋಡಿಕೊಳ್ಳುವ ಹೊಣೆ ಅಕ್ಕನ ತಲೆಗೆ ಬಂತು, ಅವಳೂ ಮರುಮಾತಾಡದೆ ಹೊತ್ತುಕೊಂಡಳು. ಮೊದಲನೇ ಮಹಡಿಯಲ್ಲಿ ಅವರ ಎರಡು ಕೋಣೆಯ ಮನೆ. ಬೀದಿಯ ಕಡೆಗೆ ಹೊಲಿಗೆಯ ಕೋಣೆ, ಒಳಗಡೆ ತಮ್ಮ ಮಲಗುವ ಕೋಣೆ. ನಡುವೆ ಬಾಗಿಲಿಲ್ಲ, ಬರೀ ಒಂದು ಪರದೆ. ಇದ್ದ ಬಾಗಿಲನ್ನು ಅವಳೇ ಬಡಗಿಯನ್ನು ಕರೆಸಿ ಕೀಳಿಸಿದ್ದಳು. ಮಂಚದ ಕಾಲು ನೆಲಕ್ಕೆ ಕಟಕಟ ಬಡಿಯತೊಡಗಿದರೆ ಸಾಕು, ಕೈಯಲ್ಲಿದ್ದ ಕತ್ತರಿಯನ್ನು ಅಲ್ಲೇ ಎಸೆದು ಓಡಿ, ಅವನನ್ನು ಮಗ್ಗುಲಿಗೆ ಹೊರಳಿಸಿ, ಮುಖ ದಿಂಬಿನಲ್ಲಿ ಹೂತುಹೋಗದಂತೆ ಹಿಡಿದುಕೊಳ್ಳುತ್ತಿದ್ದಳು. ಅಷ್ಟು ಮಾಡಿದರೆ ಅವನು ಉಳಿದ ಹಾಗೆ. ಮಾಡದಿದ್ದರೆ ಏನಾಗಬಹುದು ಎಂಬುದನ್ನು ಡಾಕ್ಟರು ಒಮ್ಮೆ ಹೇಳಿದ್ದರು. ಎರಡನೇ ಸಲ ಹೇಳಲು ಅಕ್ಕ ಬಿಡಲಿಲ್ಲ.

ಡಾಕ್ಟರು ಹೇಳಿದ್ದ ಇನ್ನೊಂದು ಮಾತನ್ನು ಮಾತ್ರ ಅವಳು ದಿನಾ ನೆನೆಸಿಕೊಳ್ಳುತ್ತಿದ್ದಳು. ‘ಮಾತ್ರೆ ಅರ್ಧ ಕೆಲಸ ಮಾಡುತ್ತಮ್ಮ, ಉಳಿದರ್ಧ ನಿದ್ದೆ ಮಾಡಬೇಕು. ನಿದ್ದೆ ಕೆಟ್ಟರೆ ನಾನು ಎಷ್ಟು ಮಾತ್ರೆ ಕೊಟ್ಟರೂ ನೀರಿಗೆ ಹಾಕಿದ ಹಾಗೆ.’ ಸರಿ, ಅವತ್ತಿನಿಂದ ಆ ಮನೆಯಲ್ಲಿ ನಿದ್ದೆಗೆ ರಾಜಮರ್ಯಾದೆ. ಮಾತ್ರೆಯ ಮಂಪರಿನಲ್ಲಿ ತಮ್ಮ ಬೆಳಿಗ್ಗೆ ತಡವಾಗಿ ಏಳುತ್ತಿದ್ದ, ಊಟವಾದ ಮೇಲೆ ಮತ್ತೆ ಮಲಗುತ್ತಿದ್ದ, ಸಂಜೆ ಬೇಗ ದಿಂಬಿಗೆ ತಲೆ ಕೊಡುತ್ತಿದ್ದ. ಅಕ್ಕ ಹೊಲಿಗೆ ಯಂತ್ರದ ಕಾಲುಗಳ ಕೆಳಗೆ ಕಂಬಳಿಯ ತುಂಡು ಮಡಚಿ ಇಟ್ಟಳು. ಮೋಟಾರು ಬೇಡವೆಂದು ಕಾಲಲ್ಲೇ ತುಳಿದಳು. ಗಿರಾಕಿಗಳಿಗೆ ಕರೆಗಂಟೆ ಒತ್ತಬೇಡಿ, ಬಾಗಿಲು ತಳ್ಳಿಕೊಂಡು ಬನ್ನಿ ಅಂದಳು. ಇಷ್ಟೆಲ್ಲ ಮಾಡಿದ್ದಕ್ಕೆ ಫಲವೂ ಸಿಕ್ಕಿತ್ತು. ಫಿಟ್ಸ್ ಬಾರದೆ ವರ್ಷಗಳೇ ಆಗಿದ್ದವು.

ತಮ್ಮನೇನು ಮೂಲೆಯಲ್ಲಿ ಮುದುರಿ ಕೂತ ರೋಗಿಯಲ್ಲ. ವಯಸ್ಸು ಮೂವತ್ತು ದಾಟಿತ್ತು, ನಾಲಿಗೆ ಮಾತ್ರ ಹದಿನಾರರದ್ದು. ಅಕ್ಕ ಹೊಲಿದ ಬಟ್ಟೆಗೆ ಗುಂಡಿ ಹಾಕುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು ಅವನ ಪಾಲಿನ ಕೆಲಸ. ಅವನು ಹಾಕಿದ ಗುಂಡಿ ಬಟ್ಟೆ ಹರಿದರೂ ಕಿತ್ತುಬರುತ್ತಿರಲಿಲ್ಲ.

“ಅಕ್ಕ, ನೀನು ಸತ್ತ ಮೇಲೂ ನನ್ನ ಗುಂಡಿ ಇರುತ್ತೆ ನೋಡ್ತಿರು,” ಎನ್ನುತ್ತಿದ್ದ.

“ಸತ್ತ ಮೇಲೆ ಹೇಗೋ ನೋಡ್ತಿರೋದು, ಕತ್ತೆ?”

“ಅಯ್ಯೋ, ನಿನಗೆ ಕಿವಿ ಇದೆಯಲ್ಲ, ಕೇಳಿಸ್ಕೊ!”

ಹೀಗೆ ನೆಮ್ಮದಿಯಾಗಿದ್ದ ಮನೆಯ ಎದುರಿಗೆ, ಬೀದಿಯ ಆಚೆ ಬದಿಯಲ್ಲಿ, ಹಳೆಯ ಐಸ್ ಫ್ಯಾಕ್ಟರಿ ನಿಂತಿತ್ತು. ಮುಚ್ಚಿ ಕಾಲವಾಗಿತ್ತು. ಚಳಿ ಹೊರಗೆ ಹೋಗಬಾರದೆಂದು ಕಟ್ಟಿದ ಕಟ್ಟಡ, ಒಂದೊಂದು ಗೋಡೆಯೂ ಆಳು ಅಡ್ಡ ಮಲಗುವಷ್ಟು ದಪ್ಪ, ಕಿಟಕಿ ಎಂಬುದೇ ಇಲ್ಲ. ಅದು ಅಷ್ಟು ಮೂಕವಾಗಿ ನಿಂತಿದ್ದಕ್ಕೇ ಆ ಬೀದಿಗೆ ಅಷ್ಟು ನಿಶ್ಶಬ್ದ. ಅದನ್ನು ಕೆಡವಿ ಹೊಸ ಕಟ್ಟಡ ಏಳಿಸುತ್ತಾರಂತೆ ಎಂಬ ಸುದ್ದಿಯನ್ನು ಕೆಳಗಿನ ಮನೆಯ ಡ್ರೈವರಣ್ಣ ತಂದಾಗ ಅಕ್ಕ ಯಂತ್ರ ತುಳಿಯುವುದನ್ನೇ ನಿಲ್ಲಿಸಿದಳು. ಸಾಮಾನು ಸಾಗಿಸುವ ವ್ಯಾನು ಓಡಿಸುವ ಡ್ರೈವರಣ್ಣನಿಗೆ ಊರಿನ ಸುದ್ದಿಯೆಲ್ಲ ಬಾಯಲ್ಲೇ.

“ಕಾಂಕ್ರೀಟು ಒಡೆಯೋ ಬ್ರೇಕರ್ ತರ್ತಾರಂತೆ ಅಕ್ಕಾ. ನಾನು ಇನ್ನೊಂದು ಕಡೆ ನೋಡಿದೀನಿ. ಹಲ್ಲು ಅಲ್ಲಾಡುತ್ತೆ. ತಿಂಗಳುಗಟ್ಟಲೆ ಅಂತೆ.”

“ನಮ್ಮನ್ನ ಕೇಳೋರು ಯಾರೂ ಇಲ್ವಾ?”

“ಕೇಳೋಕೆ ಅಲ್ಲ, ಅಳೆಯೋಕೆ ಬರ್ತಾರಂತೆ.”

ಅಳೆಯಲು ಬಂದವಳು ಒಬ್ಬ ಮೇಡಂ. ವಯಸ್ಸು ಚಿಕ್ಕದು, ಮುಖ ಗಂಭೀರ, ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಮತ್ತು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಸ್ಪಂಜಿನ ಉಂಡೆ ಹೊತ್ತ ಮೈಕು. ಇಡೀ ಬೀದಿಯಲ್ಲಿ ಐಸ್ ಫ್ಯಾಕ್ಟರಿಗೆ ನೇರ ಎದುರಿಗಿರುವುದು ಟೈಲರಕ್ಕನ ಬಾಲ್ಕನಿಯೇ ಆದ್ದರಿಂದ ಪೆಟ್ಟಿಗೆ ಅಲ್ಲೇ ಕೂತಿತು. ಕೆಲವು ದಿನ ಅದು ಅಲ್ಲಿ ಇರುತ್ತದೆ, ಬೀದಿಯ ಸದ್ದನ್ನೆಲ್ಲ ತಾನೇ ಅಳೆದು ಬರೆದಿಟ್ಟುಕೊಳ್ಳುತ್ತದೆ, ಯಾರೂ ಮುಟ್ಟಬಾರದು ಎಂದಳು ಮೇಡಂ. ಮೀಟರ್ ಮೇಡಂ ಎಂದು ಅವತ್ತೇ ಅವಳಿಗೆ ನಾಮಕರಣವಾಯಿತು.

ಅಕ್ಕ ತಮ್ಮನ ಕಥೆಯನ್ನೆಲ್ಲ ಅವಳ ಮುಂದೆ ಬಿಚ್ಚಿಟ್ಟಳು. ನಿದ್ದೆ, ಮಾತ್ರೆ, ಡಾಕ್ಟರು ಹೇಳಿದ್ದು, ಒಂದೂ ಬಿಡಲಿಲ್ಲ. ಮೇಡಂ ಗಮನವಿಟ್ಟು ಕೇಳಿದಳು, ಬರೆದುಕೊಂಡಳು ಕೂಡ.

“ಈಗ ನಾವೇನು ಮಾಡ್ಬೇಕು ಮೇಡಂ?”

“ಏನೂ ಮಾಡ್ಬೇಡಿ. ಎಂದಿನ ಹಾಗೆ ಇರಿ, ಅಷ್ಟೇ.”

“ಅಲ್ಲ, ಸದ್ದು ಜಾಸ್ತಿ ಬಂದ್ರೆ ನಮಗೆ ಒಳ್ಳೇದೋ, ಕಡಿಮೆ ಬಂದ್ರೋ?”

ಮೇಡಂ ತಡವರಿಸಿದಳು. “ಅದನ್ನ ನಾನು ಹೇಳೋ ಹಾಗಿಲ್ಲ. ಹೇಳಿದ್ರೆ ಅಳತೆ ಕೆಟ್ಟು ಹೋಗುತ್ತೆ. ನಮ್ಮ ಕೆಲಸದ ನಿಯಮ ಅದು.”

ನಿಯಮವೇನೋ ಸರಿ. ಹೇಳಿಬಿಟ್ಟರೆ ಜನ ಅದಕ್ಕೆ ತಕ್ಕ ಹಾಗೆ ಕುಣಿಯುತ್ತಾರೆ. ಆದರೆ ಹೇಳದೆ ಬಿಟ್ಟರೆ ಜನ ಸುಮ್ಮನಿರುತ್ತಾರೆ ಎಂದು ಯಾವ ಪುಣ್ಯಾತ್ಮ ಬರೆದನೋ! ಮೇಡಂ ಮೆಟ್ಟಿಲಿಳಿದು ಹೋದಳೋ ಇಲ್ಲವೋ, ಅಕ್ಕನ ತಲೆ ಯಂತ್ರಕ್ಕಿಂತ ಜೋರಾಗಿ ಓಡತೊಡಗಿತು. ಸದ್ದು ಅಳೆಯುವುದು ಏಕೆ? ಜನಕ್ಕೆ ಎಷ್ಟು ತೊಂದರೆ ಎಂದು ತಿಳಿಯಲು. ಪೆಟ್ಟಿಗೆ ಏನೂ ಕೇಳಿಸಿಕೊಳ್ಳದಿದ್ದರೆ, ‘ಇವರಿಗೇನು ಕಷ್ಟ, ಆರಾಮಾಗಿದ್ದಾರೆ, ಕೆಡವಿ’ ಎನ್ನುತ್ತಾರೆ. ಜೋರಾಗಿ ಕೇಳಿಸಿಕೊಂಡರೆ, ‘ಪಾಪ, ಇವರು ಈಗಲೇ ಇಷ್ಟು ಅನುಭವಿಸುತ್ತಿದ್ದಾರೆ, ಇದರ ಮೇಲೆ ಇನ್ನೂ ಹೊರಿಸುವುದು ಬೇಡ’ ಎನ್ನುತ್ತಾರೆ. ಇದಕ್ಕಿಂತ ನೇರವಾದ ಲೆಕ್ಕ ಇನ್ನೇನಿದೆ? ಯಾರನ್ನು ಕೇಳಿದರೂ ಹೀಗೇ ಹೇಳುತ್ತಿದ್ದರು. ಅಕ್ಕ ಕೇಳಿದವರೂ ಹೀಗೇ ಹೇಳಿದರು.

ಮೊದಲು ಕೇಳಿದ್ದು ಡ್ರೈವರಣ್ಣನನ್ನು. “ಸರಿಯಾಗಿ ಹೇಳಿದ್ರಿ ಅಕ್ಕಾ, ಅಳೋ ಮಗೂಗೇ ಅಲ್ವಾ ಹಾಲು ಸಿಗೋದು,” ಎಂದ ಅವನು. ಆಮೇಲೆ ಮೇಲಿನ ಮನೆಯ ಮೇಷ್ಟ್ರನ್ನು. ಪಾಠ ಹೇಳಿ ಹೇಳಿ ನಿವೃತ್ತರಾದ ಮೇಷ್ಟ್ರು ಕನ್ನಡಕ ಏರಿಸಿ ಯೋಚಿಸಿದರು. “ಮೋಸ ಅನ್ನೋಕಾಗಲ್ಲ. ಮುಂದೆ ಬರೋ ಸದ್ದನ್ನ ಮೊದಲೇ ತೋರಿಸಿದ ಹಾಗೆ. ಒಂದು ಉದಾಹರಣೆ ಅಂತಿಟ್ಕೋ,” ಎಂದರು. ಅವರ ಪಕ್ಕದ ಮನೆಯ ಅವಳಿಗಳ ಅಮ್ಮ, ಸದ್ದು ಮಾಡುವುದಕ್ಕೆ ತನ್ನ ಮಕ್ಕಳಿಗೆ ಅಪ್ಪಣೆ ಬೇರೆ ಬೇಕೇ ಎಂದು ನಕ್ಕಳು.

ಆ ದಿನಗಳ ಮಟ್ಟಿಗೆ ತಮ್ಮನನ್ನು ಊರಾಚೆಯ ಚಿಕ್ಕಮ್ಮನ ಮನೆಗೆ ಕಳಿಸಿದಳು. ಅವನಿಗೆ ಕಾರಣ ಹೇಳಲಿಲ್ಲ. ಮನೆಗೆ ಸುಣ್ಣ ಹೊಡೆಸುತ್ತೇನೆ ಎಂದಳು.

ಆಮೇಲೆ ನಡೆದದ್ದನ್ನು ಏನೆಂದು ಹೇಳುವುದು! ಬೆಳಕು ಹರಿಯುತ್ತಲೇ ಡ್ರೈವರಣ್ಣ ವ್ಯಾನು ಚಾಲೂ ಮಾಡಿ, ಇಂಜಿನು ಗುರುಗುಟ್ಟಲು ಬಿಟ್ಟು, ನಡುನಡುವೆ ಹಾರನ್ ಒತ್ತುತ್ತ ಹಲ್ಲುಜ್ಜಿದ. ಅವಳಿಗಳ ಕೈಗೆ ಅವರಮ್ಮ ಸ್ಟೀಲ್ ತಟ್ಟೆ, ಸೌಟು ಕೊಟ್ಟು ಮೆಟ್ಟಿಲ ಮೇಲೆ ಕೂರಿಸಿದಳು. ಮಿಕ್ಸಿಗಳು ಖಾಲಿ ಜಾರು ಹೊತ್ತು ಕಿರುಚಿದವು. ಮೇಷ್ಟ್ರು ಕಬ್ಬಿಣದ ಕುರ್ಚಿಯನ್ನು ತಾರಸಿಯ ಈ ತುದಿಯಿಂದ ಆ ತುದಿಗೆ ಎಳೆದರು. ಅದು ಸಾಲದೆಂದು ಹಿತ್ತಾಳೆ ಹಂಡೆಯನ್ನು ಬೋರಲು ಹಾಕಿ ಬಡಿದರು. ಜೀವನವಿಡೀ ‘ಗಲಾಟೆ ಮಾಡಬೇಡಿ’ ಎಂದು ಕೂಗಿದ ಮನುಷ್ಯ ಆ ಹಂಡೆಯ ಮೇಲೆ ಎಷ್ಟು ಸೇಡು ತೀರಿಸಿಕೊಂಡರೆಂದರೆ, ಕೊನೆಗೆ ಅವರ ಹೆಂಡತಿಯೇ ಬಂದು ಸೌಟು ಕಿತ್ತುಕೊಳ್ಳಬೇಕಾಯಿತು. ಜನ ನಕ್ಕೂ ನಕ್ಕೂ ಸುಸ್ತಾದರು. ಟೈಲರಕ್ಕ ಕೂಡ, ವರ್ಷಗಟ್ಟಲೆ ಪಿಸುಮಾತಿನಲ್ಲಿ ಬದುಕಿದವಳು, ಬಾಲ್ಕನಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ತರಕಾರಿಯವನನ್ನು ಕೂಗಿದಳು. ತರಕಾರಿಯವನು ಬೀದಿಯಲ್ಲೇ ಇರಲಿಲ್ಲ. ಅವಳಿಗೆ ಒಳಗೊಳಗೇ ಖುಷಿಯಾಯಿತು ಎಂದರೂ ಸುಳ್ಳಲ್ಲ.

ಪೆಟ್ಟಿಗೆ ಎಲ್ಲವನ್ನೂ ಕೇಳಿಸಿಕೊಂಡಿತು. ಮೇಡಂ ಬಂದು ಅದನ್ನು ಎತ್ತಿಕೊಂಡು ಹೋದಳು. ತಮ್ಮ ಚಿಕ್ಕಮ್ಮನ ಮನೆಯಿಂದ ಮುಖ ಸಣ್ಣಗೆ ಮಾಡಿಕೊಂಡು ಬಂದ.

“ಏನಾಯ್ತೋ?”

“ಏನಿಲ್ಲ. ಚಿಕ್ಕಮ್ಮನ ಸೊಸೆ ಮಕ್ಕಳನ್ನ ನನ್ನ ಹತ್ರ ಬಿಡ್ಲಿಲ್ಲ. ‘ಮಾವ ಬಿದ್ದುಬಿಟ್ರೆ ಹೆದರ್ಕೋತಾವೆ’ ಅಂದ್ಲು. ನನ್ನೆದುರಿಗೇ ಅಂದ್ಲು ಅಕ್ಕ. ಇನ್ನು ನನ್ನ ಎಲ್ಲಿಗೂ ಕಳಿಸ್ಬೇಡ. ನಾನೇನು ಪಾರ್ಸೆಲ್ಲಾ?” ಎಂದು ಸುತ್ತ ಗೋಡೆ ನೋಡಿ, “ಸುಣ್ಣ ಎಲ್ಲೇ?” ಎಂದ.

ಕೆಲಸದ ಜಾಗದಲ್ಲಿ ನಿಲ್ಲಿಸಿದ್ದ ತಗಡಿನ ಆಫೀಸಿಗೆ ಬೀದಿಯವರನ್ನೆಲ್ಲ ಕರೆದ ದಿನ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಳು. ಕಂಪನಿಯ ಇಂಜಿನಿಯರು ಒಂದು ಕಡೆ, ಮೀಟರ್ ಮೇಡಂ ಇನ್ನೊಂದು ಕಡೆ. ಮೇಡಂ ಗೋಡೆಯ ಮೇಲಿನ ನಕ್ಷೆಗೆ ಕೋಲು ಹಿಡಿದು ವಿವರಿಸಿದಳು.

“ಹೊಸ ಸದ್ದು ಎಷ್ಟು ಜೋರು ಅನ್ನೋದು ಒಂದೇ ಮುಖ್ಯ ಅಲ್ಲ. ಅಲ್ಲಿ ಮೊದಲೇ ಇರೋ ಸದ್ದಿಗಿಂತ ಅದು ಎಷ್ಟು ಮೇಲೇರುತ್ತೆ ಅಂತ ನೋಡ್ತೀವಿ. ಶಾಂತವಾಗಿರೋ ಜಾಗದಲ್ಲಿ ಸ್ವಲ್ಪ ಏರಿದ್ರೂ ಜನಕ್ಕೆ ತೊಂದ್ರೆ. ಹಿಂದುಗಡೆ ಬೀದಿ ಹಾಗಿದೆ. ಅದಕ್ಕೆ ಆ ಕಡೆಗೆ ಸದ್ದು ತಡೆಯೋ ಗೋಡೆ ಹಾಕ್ತಾರೆ, ಬ್ರೇಕರ್ ಓಡಿಸೋ ಹೊತ್ತೂ ಕಡಿಮೆ. ಈ ಮುಂದಿನ ಬೀದೀಲಿ...” ಅವಳು ಒಂದು ಕ್ಷಣ ಹಾಳೆ ನೋಡಿದಳು, “ಈ ಬೀದೀಲಿ ಮೊದಲೇ ಗದ್ದಲ ತುಂಬ ಜಾಸ್ತಿ. ನಾವು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಇಲ್ಲಿ ತಡೆಗೋಡೆ ಅವಶ್ಯ ಇಲ್ಲ.”

ಇಂಜಿನಿಯರು ಉಳಿದದ್ದನ್ನು ಪೂರ್ತಿ ಮಾಡಿದರು. ಒಡೆಯುವ ಕೆಲಸವನ್ನು ಈ ಮುಂಭಾಗದಿಂದಲೇ ಶುರು ಮಾಡುತ್ತಾರೆ, ಬೆಳಿಗ್ಗೆ ಬೇಗ ಹಿಡಿದು ಕತ್ತಲಾದ ಮೇಲೂ ನಡೆಸುತ್ತಾರೆ. ಅಷ್ಟಕ್ಕೆ ಒಪ್ಪಿಗೆ ಸಿಕ್ಕಿದೆ.

ಅಕ್ಕ ಉಳಿದವರತ್ತ ತಿರುಗಿ ನೋಡಿದಳು. ಪಕ್ಕದಲ್ಲಿ ಡ್ರೈವರಣ್ಣ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಇಡೀ ಬೀದಿಯ ಜನ ಸೇರಿ ತಮ್ಮ ಕೈಯಾರೆ, ಸೌಟು ಹಿಡಿದ ಕೈಯಾರೆ, ತಮ್ಮ ತಲೆಯ ಮೇಲೆ ಕಲ್ಲು ಹಾಕಿಕೊಂಡಿದ್ದರು. ಅದನ್ನು ಎಲ್ಲರಿಗೂ ಹೇಳಿಕೊಟ್ಟವಳು ಮುಂದಿನ ಸಾಲಿನಲ್ಲಿ ಇಸ್ತ್ರಿ ಬಟ್ಟೆ ಉಟ್ಟು ಕೂತಿದ್ದಳು.

ಸಭೆ ಮುಗಿದ ಮೇಲೆ ಅಕ್ಕ ಮೇಡಂ ಬೆನ್ನುಹತ್ತಿ ಗೇಟಿನ ಬಳಿ ಹಿಡಿದಳು. ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ವ್ಯಾನು, ಸೌಟು, ಹಂಡೆ, ಇಲ್ಲದ ತರಕಾರಿಯವನು. ಮೇಡಂ ಬೆರಗಾಗಿ ನಿಂತಳು.

“ಪಾತ್ರೆ ಸದ್ದು ಕೇಳಿಸ್ತು,” ಎಂದಳು ನಿಧಾನವಾಗಿ. “ತುಂಬ ಕೇಳಿಸ್ತು. ನನಗೆ ಅನುಮಾನಾನೂ ಬಂತು. ಆದ್ರೆ ಎಲ್ಲಾ ದಿನಾನೂ ಒಂದೇ ಥರ ಇತ್ತಲ್ಲ, ಇವರ ಬದುಕೇ ಹೀಗಿರಬೇಕು ಅಂದ್ಕೊಂಡೆ. ಅಯ್ಯೋ ಅಕ್ಕಾ, ಎಂದಿನ ಹಾಗೆ ಇರಿ ಅಂದಿದ್ನಲ್ಲ!”

“ಯಾಕೆ ಅಂತ ಹೇಳ್ಲಿಲ್ವಲ್ಲಮ್ಮ ನೀನು!” ಅಕ್ಕ ಏಕವಚನಕ್ಕೆ ಇಳಿದಿದ್ದಳು, ಕಣ್ಣಲ್ಲಿ ನೀರು ಬಂದಿತ್ತು. “ಮತ್ತೆ ಅಳೀರಿ. ನಾವು ಉಸಿರೂ ಬಿಡಲ್ಲ, ಮತ್ತೆ ಅಳೀರಿ.”

ಮೇಡಂ ಯೋಚಿಸಿ ದಾರಿ ಹೇಳಿದಳು. ಮತ್ತೆ ಅಳೆಯಬೇಕೆಂದರೆ ಹಿಂದಿನ ಅಳತೆ ಸುಳ್ಳೆಂದು ಅಕ್ಕನ ಕಟ್ಟಡದ ಎಲ್ಲ ಮನೆಯವರೂ ಬರೆದು ಕೊಡಬೇಕು. ಒಬ್ಬರು ‘ನಮ್ಮಲ್ಲಿ ದಿನಾ ಇಷ್ಟೇ ಗದ್ದಲ’ ಎಂದರೂ ಕಂಪನಿಯವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಬ್ರೇಕರ್ ಬರುವುದರೊಳಗೆ ಆಗಬೇಕು. “ಒಂದು ಸಲ ಕೆಲಸ ಶುರುವಾದ್ರೆ ಮುಗೀತು. ಆಮೇಲೆ ನಿಮ್ಮ ಹಳೇ ನಿಶ್ಶಬ್ದಾನ ನಾನು ಎಲ್ಲಿಂದ ತಂದು ಅಳೀಲಿ?”

ಡ್ರೈವರಣ್ಣ ಕೇಳಿದ ಕೂಡಲೇ ಸಹಿ ಹಾಕಿದ. ಅವಳಿಗಳ ಅಮ್ಮ ಗಂಡನನ್ನು ಕೇಳಿಕೊಂಡು ಹಾಕಿದಳು. ಮೇಷ್ಟ್ರು ಮಾತ್ರ ಪೆನ್ನು ಹಿಡಿದು ಕೆಳಗಿಟ್ಟರು.

“‘ನಾವು ಸುಳ್ಳು ಸದ್ದು ಮಾಡಿ ಮೋಸ ಮಾಡಿದ್ದೇವೆ’ ಅಂತ ಬರೆದಿದೀಯಲ್ಲಮ್ಮ. ಇದರ ಕೆಳಗೆ ನಾನು ಸಹಿ ಹಾಕೋದಾ? ನನ್ನ ಹತ್ರ ಕಲಿತವರು ಈ ಊರಿನ ಆಫೀಸುಗಳಲ್ಲೆಲ್ಲಾ ಇದಾರೆ. ಇದು ಅವರ ಮೇಜಿಗೇ ಹೋಗುತ್ತೆ.”

“ಮೇಷ್ಟ್ರೇ, ನನ್ನ ತಮ್ಮನ ಪ್ರಾಣದ ಪ್ರಶ್ನೆ.”

“ಪ್ರಾಣ ಅಂತೆಲ್ಲ ಯಾಕೆ ದೊಡ್ಡ ಮಾತು? ಫಿಟ್ಸ್ ನಿಂತು ಎಷ್ಟು ವರ್ಷ ಆಯ್ತು? ಸ್ವಲ್ಪ ಕಷ್ಟ ಆಗುತ್ತೆ, ಹತ್ತಿ ಇಟ್ಕೊಂಡ್ರೆ ಆಯ್ತು. ನೋಡೋಣ ಇರು, ಬರವಣಿಗೆ ಸ್ವಲ್ಪ ಬದಲಾಯಿಸಿ ಕೊಡ್ತೀನಿ.”

ಅವರು ಬದಲಾಯಿಸಿದರು. ‘ಮೋಸ’ ತೆಗೆದು ‘ಅಚಾತುರ್ಯ’ ಎಂದು ಬರೆದರು, ಅದನ್ನೂ ಹೊಡೆದುಹಾಕಿ ಇನ್ನೇನೋ ಬರೆದರು. ಅಕ್ಕ ದಿನಾ ಮೆಟ್ಟಿಲು ಹತ್ತಿ ಹೋಗಿ, ಬರಿಗೈಯಲ್ಲಿ ಇಳಿದು ಬಂದಳು. ಒಂದು ಬೆಳಿಗ್ಗೆ ಅವಳು ಮೆಟ್ಟಿಲ ಮೇಲಿರುವಾಗಲೇ ಬೀದಿಯಲ್ಲಿ ಉದ್ದನೆಯ ಲಾರಿ ನಿಂತಿತು. ಅದರ ಬೆನ್ನಿನಿಂದ ಹಳದಿ ಬಣ್ಣದ ಯಂತ್ರ, ತೋಳಿನ ತುದಿಗೆ ಉಳಿ ಕಟ್ಟಿಕೊಂಡು, ಇಳಿಯಿತು.

ಬ್ರೇಕರಿನ ಮೊದಲ ಏಟಿಗೇ ಕಿಟಕಿಯ ಗಾಜು ಜಿಲ್ಲೆಂದಿತು. ಆಮೇಲೆ ಪೆಟ್ಟುಗಳನ್ನು ಬೇರೆ ಬೇರೆ ಮಾಡಲಾಗಲಿಲ್ಲ. ಗೋಡೆಯಿಂದ ಬಂದು, ನೆಲದಿಂದ ಹತ್ತಿ, ಹಲ್ಲಿನೊಳಗೆ ಕೂತುಕೊಳ್ಳುವ ಸದ್ದು ಅದು. ತಮ್ಮ ದಿಂಬಿನಡಿ ತಲೆ ಇಟ್ಟ, ಕಿವಿಗೆ ಹತ್ತಿ ತುರುಕಿಕೊಂಡ, ಮಂಚವನ್ನು ಹಿಂದಿನ ಗೋಡೆಗೆ ಎಳೆದ. ಮಂಪರು ಹತ್ತುವಾಗ ಬೆಚ್ಚಿ ಏಳುತ್ತಿದ್ದ. ಕತ್ತಲಾಗಿ ಯಂತ್ರ ನಿಂತ ಮೇಲೆ ನಿದ್ದೆ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು, ಬಂತು ಎನ್ನುವಷ್ಟರಲ್ಲಿ ಬೆಳಗಾಗುತ್ತಿತ್ತು. ಅವನ ಕಣ್ಣ ಕೆಳಗೆ ಕಪ್ಪು ಇಳಿಯಿತು. ಹಾಕಿದ ಗುಂಡಿ ಅಡ್ಡಾದಿಡ್ಡಿಯಾಗತೊಡಗಿತು.

ಒಂದು ದಿನ ಅಕ್ಕನಿಗೆ ತಡೆಯಲಾಗಲಿಲ್ಲ. ಯಂತ್ರ ನಿಂತಿದ್ದ ಊಟದ ಹೊತ್ತಿನಲ್ಲಿ ಅವನ ಮಂಚದ ಬಳಿ ನೆಲದ ಮೇಲೆ ಕೂತು ಸುಣ್ಣದ ಸುಳ್ಳಿನಿಂದ ಹಿಡಿದು ಎಲ್ಲವನ್ನೂ ಹೇಳಿ ಅತ್ತಳು. “ನಾನೇ ಕಣೋ ನಿನ್ನ ನಿದ್ದೆ ಕಿತ್ಕೊಂಡಿದ್ದು. ಬೇರೆ ಯಾರೂ ಅಲ್ಲ.”

ತಮ್ಮ ಅವಳನ್ನೇ ನೋಡುತ್ತಿದ್ದ. ಆಮೇಲೆ ಅವನ ಹೊಟ್ಟೆ ಕುಲುಕಿತು. ನಗುತ್ತಿದ್ದ!

“ಮೇಷ್ಟ್ರು ಹಂಡೆ ಬಡಿದ್ರಾ? ನಿಜವಾಗ್ಲೂ?”

“ನಗ್ತೀಯೇನೋ, ಪಾಪಿ!”

“ನಾನು ಮಲಗಲಿ ಅಂತ ಬೀದೀನೆಲ್ಲಾ ಎಬ್ಬಿಸಿದ್ಯಲ್ಲೇ ಅಕ್ಕ. ಛೆ, ನನ್ನ ಕಳಿಸ್ಬಿಟ್ಟು ಮಜಾ ನೀನೊಬ್ಳೇ ಮಾಡ್ದೆ.” ಅವನು ಅವಳ ತಲೆಯ ಮೇಲೆ ಕೈಯಿಟ್ಟ. “ಅಳ್ಬೇಡ. ನೀನು ಒಳ್ಳೇದಕ್ಕೇ ಅಲ್ವಾ ಮಾಡಿದ್ದು. ಹೋಗು, ಮುಖ ತೊಳ್ಕೋ.”

ಅದಾದ ಕೆಲವೇ ದಿನಕ್ಕೆ ಫಿಟ್ಸ್ ಮರಳಿ ಬಂತು. ಮೆಟ್ಟಿಲ ಮೇಲೆ, ಮೇಷ್ಟ್ರ ಕಣ್ಣೆದುರಿಗೇ ಬಿದ್ದ. ಮೇಷ್ಟ್ರು ಹಿಂದೆ ಎಂದೂ ನೋಡಿದವರಲ್ಲ. ಅವನ ಕೈಕಾಲು ಸೆಟೆಯುವುದು, ಬಾಯಿಂದ ನೊರೆ ಇಳಿಯುವುದು, ಅಕ್ಕ ಓಡಿ ಬಂದು ತನ್ನ ತೊಡೆಯನ್ನೇ ಅವನ ತಲೆಗೆ ಆಸರೆ ಕೊಟ್ಟು ಕೂರುವುದು, ಎಲ್ಲವನ್ನೂ ಗೋಡೆಗೆ ಒರಗಿ ನಿಂತು ನೋಡಿದರು. ಸಂಜೆ ತಾವೇ ಇಳಿದು ಬಂದು, ಮೊದಲಿನ ಕಾಗದ ಎಲ್ಲಿ ಎಂದು ಕೇಳಿ, ಒಂದಕ್ಷರ ತಿದ್ದದೆ ಸಹಿ ಹಾಕಿದರು. “ತಪ್ಪಾಯ್ತಮ್ಮ,” ಎಂದರು. ಅಕ್ಕನಿಗೆ ಅವರನ್ನು ಬೈಯಲೂ ಬಾಯಿ ಬರಲಿಲ್ಲ. ತಾನು ಹೇಳಿಕೊಟ್ಟ ಪಾಠಕ್ಕೆ ಅವರನ್ನು ಹೇಗೆ ಬೈಯುವುದು?

ಕಾಗದ ಹೋಯಿತು. ಮೀಟರ್ ಮೇಡಂ ಬಂದಳು. ಪೆಟ್ಟಿಗೆಯನ್ನು ಮತ್ತೆ ಬಾಲ್ಕನಿಯಲ್ಲಿಟ್ಟಳು, ಹಳೆಯ ನಿಶ್ಶಬ್ದ ಅಳೆಯಲು ಅಲ್ಲ, ನಡೆಯುತ್ತಿರುವ ಕೆಲಸ ಮಿತಿಯಲ್ಲಿದೆಯೇ ಎಂದು ನೋಡಲು. ಇತ್ತು. ಬೀದಿಯವರೇ ಹಂಡೆ ಬಡಿದು ಏರಿಸಿಕೊಟ್ಟ ಮಿತಿ, ಮೀರುವುದಾದರೂ ಹೇಗೆ?

“ನಾನು ಕಂಪನಿಗೆ ಬರೆದಿದೀನಿ, ಮೇಲಿನವರಿಗೂ ಬರೆದಿದೀನಿ,” ಎಂದಳು ಮೇಡಂ. ಅವಳ ಮುಖವೂ ಬಾಡಿತ್ತು. “ಪರಿಶೀಲಿಸ್ತೀವಿ ಅಂದಿದಾರೆ. ಅಲ್ಲೀವರೆಗೆ ಅವನನ್ನ ಬೇರೆ ಎಲ್ಲಾದ್ರೂ ಇಡೋಕಾಗಲ್ವಾ?”

ಅಕ್ಕ ಅಷ್ಟರಲ್ಲಿ ಅದನ್ನೂ ಮಾಡಿ ನೋಡಿದ್ದಳು. ಚಿಕ್ಕಮ್ಮ ಫೋನಿನಲ್ಲಿ ಹೂಂ ಎನ್ನಲೂ ಆಗದೆ ಊಹೂಂ ಎನ್ನಲೂ ಆಗದೆ ಸೊಸೆಯ ಹೆಸರು ಎತ್ತಿದ್ದಳು. ಬಾಡಿಗೆಗೆ ಕೇಳಲು ಹೋದ ಕಡೆ, ಫಿಟ್ಸ್ ಎಂದ ಕೂಡಲೇ ಕೋಣೆ ಖಾಲಿಯಿಲ್ಲವಾಗುತ್ತಿತ್ತು. ಆಸ್ಪತ್ರೆಯವರು ಮಾತ್ರೆ ಹೆಚ್ಚು ಮಾಡಿ, ನಿದ್ದೆ ಚೆನ್ನಾಗಿ ಮಾಡಿಸಿ ಎಂದು ಮನೆಗೆ ಕಳಿಸಿದ್ದರು.

ಉಳಿದಿದ್ದು ಒಂದೇ ದಾರಿ. ಬ್ರೇಕರ್ ಓಡುವಾಗ ಅವಳ ಕಿವಿ ಇದ್ದೂ ಇಲ್ಲದಂತಾಗಿತ್ತು. ಮಂಚದ ಕಾಲು ಬಡಿದರೆ ಕೇಳಿಸುವ ಮಾತಿರಲಿ, ತನ್ನ ಯಂತ್ರದ ಸದ್ದೇ ತನಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿದಳು. ಪರದೆಯನ್ನು ಪೂರ್ತಿ ಸರಿಸಿ, ಹೊಲಿಗೆ ಯಂತ್ರವನ್ನು ತಿರುಗಿಸಿ, ತಮ್ಮನಿಗೆ ಮುಖ ಮಾಡಿ ಕೂತಳು. ಎರಡು ಹೊಲಿಗೆಗೊಮ್ಮೆ ತಲೆಯೆತ್ತಿ ನೋಡುವಳು. ಸೂಜಿ ಎಷ್ಟು ಸಲ ಬೆರಳಿಗೆ ಚುಚ್ಚಿತೋ. ಹೀಗೇ ಹಲ್ಲು ಕಚ್ಚಿಕೊಂಡು ದಿನ ದೂಡಿದರೆ ಎದುರಿನ ಗೋಡೆ ಒಂದಲ್ಲ ಒಂದು ದಿನ ಮುಗಿಯಲೇಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಆ ಮಧ್ಯಾಹ್ನ ತಮ್ಮನಿಗೆ ಒಳ್ಳೆಯ ನಿದ್ದೆ ಹತ್ತಿತ್ತು. ಬ್ರೇಕರ್ ಓಡುತ್ತಿದ್ದರೂ ಹತ್ತಿತ್ತು, ಅಷ್ಟು ಸೋತಿದ್ದ. ಬಾಯಿ ಸ್ವಲ್ಪ ತೆರೆದು, ಗೋಡೆಯ ಕಡೆ ಬೆನ್ನು ಮಾಡಿ ಮಲಗಿದ್ದ. ಅಕ್ಕನಿಗೆ ಎಷ್ಟೋ ದಿನದ ಮೇಲೆ ಸಮಾಧಾನದ ಉಸಿರು ಬಂತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು, ಹೊಲಿಯಲು ಕೊಟ್ಟಿದ್ದ ಗೌನಿನ ಅಳತೆ ಹಾಕಿ ನೋಡಬೇಕಿತ್ತು. ಬಟ್ಟೆ ಬದಲಾಯಿಸುವವಳು ಒಳಗೆ ಗಂಡಸು ಮಲಗಿದ್ದನ್ನು ಕಂಡು ಸಂಕೋಚದಿಂದ ನಿಂತಳು. ಪಾಪ, ಅವಳದ್ದೇನು ತಪ್ಪು? ಯಾರಾದರೂ ನಿಲ್ಲುತ್ತಿದ್ದರು. ಅಕ್ಕ ಪರದೆ ಎಳೆದಳು.

ಗೌನು ಭುಜದ ಬಳಿ ಸಡಿಲವಿತ್ತು. ಅಕ್ಕ ಪಿನ್ನುಗಳನ್ನು ತುಟಿಯಲ್ಲಿ ಹಿಡಿದು ಒಂದೊಂದಾಗಿ ಚುಚ್ಚಿ, ಹಿಂದೆ ಸರಿದು ನೋಡಿ, ಒಂದನ್ನು ಕಿತ್ತು ಮತ್ತೆ ಚುಚ್ಚಿದಳು. ಮಾತಾಡಿದರೆ ಕೇಳಿಸುವಂತಿರಲಿಲ್ಲವಾದ್ದರಿಂದ ಇಬ್ಬರೂ ಕೈಸನ್ನೆಯಲ್ಲೇ ವ್ಯವಹರಿಸಿದರು. ಹೆಂಗಸು ತೋಳು ಸ್ವಲ್ಪ ಗಿಡ್ಡವಾಗಲಿ ಎಂದು ತೋರಿಸಿದಳು. ಅಕ್ಕ ತಲೆಯಾಡಿಸಿ ಮಡಚಿದಳು. ಬಹಳ ಹೊತ್ತೇನೂ ಆಗಲಿಲ್ಲ. ನಿಮ್ಮ ನಮ್ಮ ಬಟ್ಟೆಯ ಅಳತೆ ನೋಡಲು ಎಷ್ಟು ಹೊತ್ತು ಬೇಕೋ ಅಷ್ಟೇ.

ಒಳಗಿನ ಕೋಣೆಯಲ್ಲಿದ್ದ ಸೀಮೆಸುಣ್ಣ ತೆಗೆದುಕೊಳ್ಳಲೆಂದು ಪರದೆ ಸರಿಸಿದಳು.

ಮಂಚ ಗೋಡೆಯಿಂದ ಒಂದು ಮೊಳ ಈಚೆಗೆ ಬಂದಿತ್ತು. ಹೊದಿಕೆ ಕಾಲಿನ ಬಳಿ ಮುದ್ದೆಯಾಗಿತ್ತು. ತಮ್ಮ ಬೋರಲು ಮಲಗಿದ್ದ, ಮುಖ ಪೂರ್ತಿ ದಿಂಬಿನೊಳಗೆ. ಅಲ್ಲಾಡುತ್ತಿರಲಿಲ್ಲ.

ಅಕ್ಕ ಕೂಗಿದಳು. ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಅವನನ್ನು ಎಳೆದು ಹೊರಳಿಸಿ, ಬಾಯಿಗೆ ಬೆರಳು ಹಾಕಿ, ಕೆನ್ನೆ ತಟ್ಟಿ, ಹೆಸರು ಹಿಡಿದು ಕರೆದಳು. ತುಟಿ ನೀಲಿಯಾಗಿತ್ತು. ಮೈ ಇನ್ನೂ ಬೆಚ್ಚಗಿತ್ತು. ನಾಡಿ ಹಿಡಿದರೆ ಏನೋ ಮಿಡಿಯುತ್ತಿತ್ತು, ಆದರೆ ಮಂಚ ಮಿಡಿಯುತ್ತಿತ್ತು, ನೆಲ ಮಿಡಿಯುತ್ತಿತ್ತು, ಅವಳ ಕೈಯೇ ಮಿಡಿಯುತ್ತಿತ್ತು. ಎದೆಗೆ ಕಿವಿಯಿಟ್ಟಳು. ಅವನ ಎದೆಯೊಳಗೂ ಬ್ರೇಕರೇ ಓಡುತ್ತಿತ್ತು.

“ನಿಲ್ಲಿಸೋಕೆ ಹೇಳಿ!” ಎಂದು ಆ ಹೆಂಗಸಿನ ತೋಳು ಹಿಡಿದು ಅರಚಿದಳು. ಹೆಂಗಸಿಗೆ ಮಾತು ಕೇಳಿಸದಿದ್ದರೂ ಅಕ್ಕನ ಮುಖ ನೋಡಿದ್ದೇ ಅರ್ಥವಾಯಿತು. ಮೈತುಂಬ ಪಿನ್ನು ಚುಚ್ಚಿಕೊಂಡಿದ್ದ ಅರೆಹೊಲಿದ ಗೌನಿನಲ್ಲೇ, ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು. ಕೆಳಗೆ ವ್ಯಾನು ಒರೆಸುತ್ತಿದ್ದ ಡ್ರೈವರಣ್ಣನ ಅಂಗಿ ಹಿಡಿದು ಎಳೆದು ಮೇಲಕ್ಕೂ ಯಂತ್ರದ ಕಡೆಗೂ ಕೈ ತೋರಿಸಿದಳು. ಅವನು ಬಟ್ಟೆ ಎಸೆದು, ಬೀದಿ ದಾಟಿ, ಬೇಲಿಯ ತಗಡು ಜಗ್ಗಿ ಒಳಗೆ ನುಗ್ಗಿ, ಯಂತ್ರದ ಎದುರಿಗೇ ಎರಡೂ ಕೈಯೆತ್ತಿ ನಿಂತ.

ಬ್ರೇಕರ್ ನಿಂತಿತು.

ನಿಂತಾಗ ಬೀದಿಯೇ ಉಸಿರು ಹಿಡಿದ ಹಾಗಾಯಿತು. ಕೆಲಸದವರು ಕಿವಿಗೆ ಹಾಕಿಕೊಂಡಿದ್ದ ಮುಚ್ಚಳ ತೆಗೆದು ಒಬ್ಬರ ಮುಖ ಒಬ್ಬರು ನೋಡಿದರು. ಮೇಲಿನ ಮನೆಯಲ್ಲಿ ಮೇಷ್ಟ್ರು ಕುರ್ಚಿಯಿಂದ ಏಳುವುದು ಕೇಳಿಸಿತು, ಅವಳಿಗಳಲ್ಲಿ ಒಬ್ಬಳು ‘ಅಮ್ಮಾ, ಯಾಕೆ ನಿಂತೋಯ್ತು?’ ಎಂದದ್ದು ಕೇಳಿಸಿತು, ಎಲ್ಲೋ ದೂರದ ಬೀದಿಯಲ್ಲಿ ಸೈಕಲ್ಲಿನ ಬೆಲ್ಲು ಕೂಡ. ಟೈಲರಕ್ಕ ತಮ್ಮನ ಅಂಗಿಯ ಗುಂಡಿ ಬಿಚ್ಚಿ, ಬರಿಯ ಎದೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ಕೂತಳು. ಈ ಕಡೆ ಕೇಳಿದಳು, ಆ ಕಡೆ ಕೇಳಿದಳು. ಬಾಯಿಯ ಹತ್ತಿರ, ಮೂಗಿನ ಹತ್ತಿರ, ಕುತ್ತಿಗೆಯ ಹತ್ತಿರ ಕೇಳಿದಳು. ಮತ್ತೆ ಎದೆಗೆ ಬಂದಳು. ಹುಟ್ಟಿದಾಗಿನಿಂದ ಅವನ ಉಸಿರಿನ ಏರಿಳಿತವನ್ನೆಲ್ಲ ಬಲ್ಲ ಕಿವಿ ಅದು, ಅದಕ್ಕೆ ಮೋಸವಾಗುವ ಹಾಗಿರಲಿಲ್ಲ.

ಕೆಳಗಿನಿಂದ ಡ್ರೈವರಣ್ಣ ಕೂಗಿದ. “ಅಕ್ಕಾ! ವ್ಯಾನ್ ತೆಗೀತೀನಿ, ಆಸ್ಪತ್ರೆಗೆ ಹೋಗೋಣ! ಅಕ್ಕಾ, ಕೇಳಿಸ್ತಿದ್ಯಾ?”

ಅವಳು ಎದ್ದು ಬಾಲ್ಕನಿಗೆ ಬಂದಳು. ಬೀದಿಯಲ್ಲಿ ಎಲ್ಲರೂ ಮುಖ ಮೇಲೆತ್ತಿ ನಿಂತಿದ್ದರು. ಯಂತ್ರದ ಒಳಗೆ ಕೂತಿದ್ದ ಆಪರೇಟರ್ ಕೂಡ ಬಾಗಿಲು ತೆರೆದು ಅವಳತ್ತಲೇ ನೋಡುತ್ತಿದ್ದ.

“ವ್ಯಾನ್ ಬೇಡ ಡ್ರೈವರಣ್ಣ,” ಎಂದಳು ಅಕ್ಕ. ಅಷ್ಟು ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸಿತು. “ಅವರಿಗೆ ಕೆಲಸ ಶುರು ಮಾಡ್ಕೊಳ್ಳೋಕೆ ಹೇಳಿ.”